ಅಳಿಸಿದೆವು ಅಂದುಕೊಂಡಿದ್ದು

(ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಶಹಾಪುರದಲ್ಲಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ.)



ಈ ಸಭೆಗೆ ಕರೆದಾಗ ಯಾವ ವಿಷಯ ಮಾತಾಡಲಿ ಎಂದು ಕೇಳಿದೆ. "ಹಳೇ ಕಂಪ್ಯೂಟರಿಂದು ಹೇಳ್ರಿ ಅಕ್ಕಾ" ಅಂದರು. ನಿಮ್ಮಲ್ಲಿ ಹಲವರು ನನ್ನನ್ನು ಬೇರೆ ಕೆಲಸದಲ್ಲಿ ಕಂಡವರು. ಪೊಲೀಸ್ ಠಾಣೆಯ ಬೆಂಚಿನ ಮೇಲೆ, ಕೋರ್ಟಿನ ಬೇವಿನ ಮರದ ಕೆಳಗೆ, ಗಂಡನ ಮನೆಯಿಂದ ಹೊರಬಿದ್ದ ಹೆಣ್ಣುಮಗಳ ಜೊತೆ ತವರಿನ ಬಸ್ಸಿನಲ್ಲಿ. ಹಳೇ ಕಂಪ್ಯೂಟರಿಗೂ ವರದಕ್ಷಿಣೆಯ ಕಿರುಕುಳಕ್ಕೂ ಏನು ನಂಟು ಎಂದು ಹಿಂದಿನ ಸಾಲಿನಲ್ಲಿ ಪಿಸುಗುಡುತ್ತಿದ್ದೀರಿ. ಒಂದು ವರ್ಷದ ಹಿಂದೆ ನಾನೂ ಹಾಗೇ ಕೇಳುತ್ತಿದ್ದೆ. ನಡೆದದ್ದನ್ನು ಮೊದಲು ಹೇಳುತ್ತೇನೆ, ನಂಟು ತಾನಾಗಿ ಕಾಣುತ್ತದೆ. ಊರು, ಹೆಸರು, ಗುರುತು ಯಾವುದನ್ನೂ ಹೇಳುವುದಿಲ್ಲ, ನೀವೂ ಕೇಳಬೇಡಿ.

ನಮ್ಮ ಒಕ್ಕೂಟಕ್ಕೆ ಒಂದು ಕಂಪ್ಯೂಟರ್ ಬೇಕಿತ್ತು. ಹೊಸದು ಕೊಳ್ಳುವ ಶಕ್ತಿ ನಮಗೆಲ್ಲಿ? ಬೆಂಗಳೂರಿನ ಕಚೇರಿಗಳು ನಾಲ್ಕೈದು ವರ್ಷ ಬಳಸಿದ ಯಂತ್ರಗಳನ್ನು ರಾಶಿಗಟ್ಟಲೆ ಮಾರುತ್ತವೆ. ಅವು ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗೆ ಬಂದು, ಅಲ್ಲಿಂದ ನಮ್ಮಂಥ ಊರುಗಳ ಅಂಗಡಿಗೆ ಇಳಿಯುತ್ತವೆ. ಮನೆಗಳಲ್ಲಿ ಬಳಸಿದ್ದೂ ಅದೇ ರಾಶಿಯಲ್ಲಿ ಸೇರಿರುತ್ತದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನವರು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಲ್ಲಿಸಿದರು. ವಿಂಡೋಸ್ 11 ಹಳೆಯ ಯಂತ್ರಗಳಿಗೆ ಒಗ್ಗುವುದಿಲ್ಲ. ಹಾಗಾಗಿ ಇಂಥ ರಾಶಿ ಇನ್ನೂ ಹೆಚ್ಚುತ್ತದೆ. ಇರಲಿ. ನಾವು ಅಂಥ ಒಂದನ್ನು ತಂದೆವು. ಅಂಗಡಿಯವನು "ಫಾರ್ಮ್ಯಾಟ್ ಹೊಡದು ಹೊಸಾ ವಿಂಡೋಸ್ ಹಾಕೀನಿ, ಒಳಗ ಏನೂ ಇಲ್ಲ" ಅಂದ. ತೆರೆದು ನೋಡಿದರೆ ನಿಜವಾಗಿಯೂ ಏನೂ ಇರಲಿಲ್ಲ. ಹೊಸ ಮನೆಯ ಹಾಗೆ ಖಾಲಿ.

ಐದು ತಿಂಗಳು ಕಳೆಯಿತು. ಲೆಕ್ಕ ಬರೆಯುವ ನಮ್ಮ ಹುಡುಗಿ ಒಂದು ಬೆಳಿಗ್ಗೆ ಅಳುಮುಖ ಮಾಡಿಕೊಂಡು ಬಂದಳು. "ಅಕ್ಕಾ, ಮಾರ್ಚ್ ತಿಂಗಳ ಲೆಕ್ಕದ ಫೈಲು ಅಳಿಸಿ ಹೋಗ್ಯಾದ ರೀ." ಹನ್ನೊಂದು ಸಂಘಗಳ ಸಾಲದ ಕಂತು ಅದರಲ್ಲಿತ್ತು. ಕಂಪ್ಯೂಟರ್ ಕಲಿಸುವ ಒಬ್ಬ ಹುಡುಗನನ್ನು ಕರೆಸಿದೆವು. ಅಳಿಸಿ ಹೋದದ್ದನ್ನು ಹುಡುಕಿ ತರುವ ಪ್ರೋಗ್ರಾಂಗಳು ಇವೆ, ಪುಕ್ಕಟೆ ಸಿಗುತ್ತವೆ. ಅವನು ಅಂಥದ್ದೊಂದನ್ನು ಹಾಕಿ ಚಾಲೂ ಮಾಡಿ ಚಹಾ ಕುಡಿಯಲು ಹೋದ. ತಿರುಗಿ ಬರುವಷ್ಟರಲ್ಲಿ ನಮ್ಮ ಮಾರ್ಚ್ ಲೆಕ್ಕ ಸಿಕ್ಕಿತ್ತು. ಅದರ ಜೊತೆಗೆ ಮೂರು ಸಾವಿರಕ್ಕೂ ಹೆಚ್ಚು ಬೇರೆ ಫೈಲುಗಳು ಎದ್ದು ಕೂತಿದ್ದವು. ಹುಡುಗಿ ಒಂದೆರಡು ತೆರೆದು ನೋಡಿ, "ಇದು ನಮ್ದಲ್ಲ ರೀ ಅಕ್ಕಾ. ಯಾರ್ದೋ ಮನೀದು" ಅಂದಳು.

ಹುಟ್ಟುಹಬ್ಬದ ಫೋಟೊಗಳು. ಆಧಾರ್ ಕಾರ್ಡಿನ ಪ್ರತಿ. ಬ್ಯಾಂಕಿನ ಕಾಗದ. ಅವುಗಳ ನಡುವೆ ಕನ್ನಡದಲ್ಲಿ ಟೈಪು ಮಾಡಿದ ಎರಡು ಪುಟ. ಒಬ್ಬ ಹೆಣ್ಣುಮಗಳು ತನ್ನ ವಕೀಲರಿಗೆ ಬರೆದ ಪತ್ರ. ಮದುವೆಯಲ್ಲಿ ತವರಿನವರು ಕೊಟ್ಟದ್ದರ ಪಟ್ಟಿ ಮೊದಲ ಪುಟದಲ್ಲಿ: ಇಷ್ಟು ತೊಲ ಬಂಗಾರ, ಗಾಡಿ, ಅಲ್ಮಾರಿ, ನಗದು ಇಷ್ಟು, ಆಮೇಲೆ ಮೂರು ಸಲಕ್ಕೆ ಇಷ್ಟು. ಎರಡನೇ ಪುಟದಲ್ಲಿ ಯಾವ ತಾರೀಕಿಗೆ ಏನು ಮಾಡಿದರು ಎಂಬ ವಿವರ. ನಾನು ಅದನ್ನು ಕೊನೆಯವರೆಗೂ ಓದಿದೆ. ಓದಬಾರದಿತ್ತು. ಇಂಥ ಪತ್ರಗಳನ್ನು ಬರೆಯಿಸಿಯೇ ನನ್ನ ಅರ್ಧ ಆಯುಷ್ಯ ಹೋಗಿದೆ, ಕಣ್ಣು ತಾನಾಗಿ ಮುಂದಕ್ಕೆ ಓಡಿತು. ಮುಗಿದ ಮೇಲೆ ನಾಚಿಕೆಯಾಯಿತು. ಅವಳ ಮನೆಯ ಬಾಗಿಲು ತೆರೆದಿದೆ ಎಂದು ನಾನು ಒಳಗೆ ಹೋಗಿ ಕೂತಿದ್ದೆ.

ಆ ಪತ್ರದ ಕಥೆಗೆ ಮತ್ತೆ ಬರುತ್ತೇನೆ. ಆ ಹೊತ್ತಿಗೆ ನನ್ನ ಎದೆ ಝಲ್ಲೆಂದದ್ದು ಬೇರೆ ಕಾರಣಕ್ಕೆ. ಈ ಯಂತ್ರ ತರುವಾಗ ನಮ್ಮ ಹಳೆಯ ಕಂಪ್ಯೂಟರನ್ನು ಒಂದು ಅಂಗಡಿಗೆ ಬದಲಿಗೆ ಕೊಟ್ಟಿದ್ದೆವು. ಅದಕ್ಕೆ 1,500 ರೂಪಾಯಿ ಮುರಿದುಕೊಂಡಿದ್ದರು. ಅದರೊಳಗೆ ಸದಸ್ಯೆಯರ ಆಧಾರ್, ಪಾಸ್‌ಬುಕ್ಕಿನ ಪ್ರತಿಗಳಿದ್ದವು. ಅದಕ್ಕಿಂತ ದೊಡ್ಡದಾಗಿ, ನಮ್ಮ ದೂರು ಪುಸ್ತಕವಿತ್ತು. ನಲವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳ ಕಥೆ. ಯಾರು ಏನು ಹೇಳಿದರು, ಈಗ ಎಲ್ಲಿದ್ದಾರೆ, ಯಾವ ನಂಬರಿಗೆ ಫೋನು ಮಾಡಬೇಕು. ಅವರಲ್ಲಿ ಒಬ್ಬಾಕೆ ಆಗ ಗಂಡನಿಗೆ ಗೊತ್ತಾಗದ ಹಾಗೆ ಸೋದರತ್ತೆಯ ಊರಿನಲ್ಲಿ ಕೂಸನ್ನು ಕಟ್ಟಿಕೊಂಡು ಇದ್ದಳು. ಆ ಊರಿನ ಹೆಸರನ್ನು ನಾನೇ ಟೈಪು ಮಾಡಿದ್ದೆ. ಕೊಡುವ ಮೊದಲು ಎಲ್ಲ ಅಳಿಸಿದ್ದೆವು, ಕಸದ ಬುಟ್ಟಿಯ ಗುರುತನ್ನೂ ಒತ್ತಿ ಖಾಲಿ ಮಾಡಿದ್ದೆವು. ಹಾಗೆ ಅಳಿಸಿದ್ದರ ಬೆಲೆ ಏನೆಂದು ಈಗ ಕಣ್ಣೆದುರೇ ಇತ್ತು.

ಮರುದಿನ ಇಬ್ಬರು ಹೋದೆವು. ಅಂಗಡಿಯವನು ಅದನ್ನು ಗುಜರಿಗೆ ಹಾಕಿದ್ದ. ಗುಜರಿಯವರು ಬಿಡಿಭಾಗಗಳಾಗಿ ಬೇರೆಯವರಿಗೆ ಕೊಡುತ್ತಾರೆ. ಮೂರು ದಿನ ತಿರುಗಿದೆವು. ಆ ಮೂರು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಗಂಡನಾದವನು ಗುಜರಿ ಅಂಗಡಿಗೆ ಬಂದು ಡಿಸ್ಕ್ ಹುಡುಕುತ್ತಾನೆ ಎಂದಲ್ಲ. ಯಾರೋ ಕುತೂಹಲದ ಹುಡುಗ ತೆರೆದು ನೋಡಿ, ಪರಿಚಯದ ಊರಿನ ಹೆಸರು ಕಂಡು ಯಾರಿಗೋ ಹೇಳಿದರೆ ಸಾಕಲ್ಲ. ನಮ್ಮ ಜಿಲ್ಲೆ ಎಷ್ಟು ದೊಡ್ಡದು? ಕೃಷ್ಣೆಗೂ ಭೀಮೆಗೂ ನಡುವೆ ಯಾರ ಸುದ್ದಿ ಯಾರಿಗೆ ತಲುಪುವುದಿಲ್ಲ? ನಾಲ್ಕನೇ ದಿನ ಸಿಕ್ಕಿತು. ತಗಡಿನ ರಾಶಿಯ ಕೆಳಗೆ, ನಮ್ಮ ಸಂಘದ ಚೀಟಿ ಅಂಟಿಸಿದ್ದ ಡಬ್ಬಿ ಹಾಗೆಯೇ ಇತ್ತು. ಒಳಗಿನ ಹಾರ್ಡ್ ಡಿಸ್ಕಿಗೆ 300 ರೂಪಾಯಿ ಕೊಟ್ಟು ಬಿಚ್ಚಿಸಿಕೊಂಡು ಬಂದೆವು. ದಾರಿಯಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ ಡ್ರಿಲ್ಲಿನಿಂದ ಅದಕ್ಕೆ ನಾಲ್ಕು ತೂತು ಹಾಕಿಸಿದೆವು. ವೆಲ್ಡಿಂಗ್ ಮಾಡುವವನು ನಮ್ಮನ್ನು ಹುಚ್ಚರ ಹಾಗೆ ನೋಡಿದ. ನೋಡಲಿ.

ಅಳಿಸಿದರೂ ಅದು ಯಾಕೆ ಅಳಿಯುವುದಿಲ್ಲ? ಇದನ್ನು ತಿಳಿಯಲು ಇಂಗ್ಲಿಷ್ ಬೇಡ, ಹೊಲದ ಲೆಕ್ಕ ಸಾಕು. ನಿಮ್ಮ ಹೊಲ ಯಾರ ಹೆಸರಿನಲ್ಲಿದೆ ಎಂದು ಪಹಣಿಯಲ್ಲಿ ಬರೆದಿರುತ್ತದೆ. ಯಾರೋ ಪಹಣಿಯಿಂದ ನಿಮ್ಮ ಹೆಸರು ತೆಗೆದರು ಎನ್ನಿ. ಕಾಗದದಲ್ಲಿ ಹೊಲ ಖಾಲಿ. ಆದರೆ ಹೊಲಕ್ಕೆ ಹೋಗಿ ನೋಡಿದರೆ ತೊಗರಿ ಹಾಗೇ ನಿಂತಿದೆ. ಇನ್ನೊಬ್ಬರು ಬಂದು ಹರಗಿ, ಬೇರೆ ಬೀಜ ಬಿತ್ತುವವರೆಗೂ ನಿಂತಿರುತ್ತದೆ. ಕಂಪ್ಯೂಟರಿನ ಒಳಗೂ ಅಂಥ ಪಹಣಿ ಇದೆ. ಯಾವ ಫೈಲು ಡಿಸ್ಕಿನ ಯಾವ ಜಾಗದಲ್ಲಿದೆ ಎಂಬ ಪಟ್ಟಿ. ನಾವು ಡಿಲೀಟ್ ಒತ್ತಿದಾಗ ಆ ಪಟ್ಟಿಯಲ್ಲಿ "ಈ ಜಾಗ ಖಾಲಿ" ಎಂದು ಗುರುತು ಬೀಳುತ್ತದೆ, ಅಷ್ಟೇ. ಗಡಿಬಿಡಿಯಲ್ಲಿ ಮಾಡುವ ಫಾರ್ಮ್ಯಾಟ್ ಎಂದರೆ ಹೊಸ ಪಹಣಿ ಪುಸ್ತಕ ತೆರೆದ ಹಾಗೆ. ಬೆಳೆ ಬೆಳೆಯಾಗಿಯೇ ಇರುತ್ತದೆ. ಹೊಸ ಫೈಲುಗಳು ಬಂದು ಅದೇ ಜಾಗದಲ್ಲಿ ಕೂತರೆ ಮಾತ್ರ ಹಳೆಯದು ಅಳಿಯುತ್ತದೆ. ನಮ್ಮ ಒಕ್ಕೂಟದ್ದು ಸಣ್ಣ ಲೆಕ್ಕ, ದೊಡ್ಡ ಡಿಸ್ಕು. ಐದು ತಿಂಗಳಲ್ಲಿ ನಾವು ಬಿತ್ತಿದ್ದು ಒಂದು ಮೂಲೆ. ಉಳಿದ ಹೊಲವೆಲ್ಲ ಆ ಹೆಣ್ಣುಮಗಳದ್ದೇ ಇತ್ತು.

ಇದು ನಮ್ಮಂಥ ಹಳ್ಳಿಯವರ ಅಜ್ಞಾನ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೇಲಟ್ ಎಂಬ ಇಬ್ಬರು ಹಳೆಯ ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದರು. ಕೊಂಡದ್ದು 158, ಅದರಲ್ಲಿ ಓದಲು ಬಂದದ್ದು 129. ಸರಿಯಾಗಿ ಅಳಿಸಿದ್ದವು ಎಷ್ಟು ಗೊತ್ತೇ? 12. ಉಳಿದವುಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡಿನ ನಂಬರುಗಳು ಸಿಕ್ಕವು, ಜನರ ಆಸ್ಪತ್ರೆಯ ವಿಷಯ, ಪ್ರೇಮಪತ್ರಗಳೂ ಸಿಕ್ಕವು. ಮಾರ್ಗನ್ ಸ್ಟ್ಯಾನ್ಲಿ ಎಂಬ ಭಾರೀ ಹಣಕಾಸು ಸಂಸ್ಥೆ ತನ್ನ ಹಳೆಯ ಯಂತ್ರಗಳ ವಿಲೇವಾರಿಯನ್ನು ಸಾಮಾನು ಸಾಗಿಸುವ ಕಂಪನಿಯೊಂದಕ್ಕೆ ಒಪ್ಪಿಸಿತ್ತು. ಗ್ರಾಹಕರ ಮಾಹಿತಿ ಇನ್ನೂ ಒಳಗಿದ್ದ ಡಿಸ್ಕುಗಳು ಹರಾಜಿನಲ್ಲಿ ಮಾರಾಟವಾದವು. 2022ರಲ್ಲಿ ಆ ಸಂಸ್ಥೆ ಮೂರೂವರೆ ಕೋಟಿ ಡಾಲರ್ ದಂಡ ಕಟ್ಟಿತು. ಅವರದ್ದು ದುಡ್ಡಿನ ವಿಷಯ, ದುಡ್ಡಿನಲ್ಲಿ ಮುಗಿಯಿತು. ಅಡಗಿ ಕೂತ ಹೆಣ್ಣುಮಗಳ ವಿಳಾಸ ಹೊರಬಿದ್ದರೆ ಯಾವ ದಂಡ ಕಟ್ಟಿ ಮುಗಿಸುತ್ತೀರಿ?

ಹಾಗಾದರೆ ಸರಿಯಾಗಿ ಅಳಿಸುವುದು ಹೇಗೆ? ಹಳೆಯ ತರಹದ, ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಆದರೆ ಇಡೀ ಹೊಲವನ್ನು ಹರಗಿಸಬೇಕು. ಮೂಲೆಯಿಂದ ಮೂಲೆಗೆ ಸೊನ್ನೆ ಬರೆಯುವ ಪ್ರೋಗ್ರಾಂಗಳಿವೆ. ಮೂವತ್ತೈದು ಸಲ ಬರೆಯಬೇಕು ಎಂದು ಕೆಲವರು ಹೆದರಿಸುತ್ತಾರೆ. ಅದು 1996ರ ಒಂದು ಲೇಖನದ ಮಾತು, ಆಗಿನ ಡಿಸ್ಕುಗಳಿಗೆ ಹೇಳಿದ್ದು. ಈಗಿನವಕ್ಕೆ ಪೂರ್ತಿಯಾಗಿ ಒಂದು ಸಲ ಬರೆದರೆ ಸಾಕು. ಅಷ್ಟಕ್ಕೇ ಎರಡು ಮೂರು ತಾಸು ಹಿಡಿಯುತ್ತದೆ, ಅಂಗಡಿಯವನು ಐದು ನಿಮಿಷದಲ್ಲಿ "ಆಯ್ತು" ಅಂದರೆ ಆಗಿಲ್ಲ ಎಂದೇ ತಿಳಿಯಿರಿ. ಪ್ರೋಗ್ರಾಂ ಹಾಕಲು ಬಾರದಿದ್ದರೆ ವಿಂಡೋಸ್ 10, 11ರ ಸೆಟ್ಟಿಂಗ್ಸ್‌ನಲ್ಲಿ "ರೀಸೆಟ್ ದಿಸ್ ಪಿಸಿ" ಎಂದಿದೆ. ಅದರಲ್ಲಿ "ರಿಮೂವ್ ಎವ್ರಿಥಿಂಗ್" ಆರಿಸಿ, ಮುಂದೆ "ಕ್ಲೀನ್ ಡೇಟಾ" ಎಂಬುದನ್ನೂ ಹೌದು ಅನ್ನಬೇಕು. ಈ ಎರಡನೆಯದನ್ನು ಬಿಟ್ಟರೆ ಮತ್ತೆ ಪಹಣಿ ಮಾತ್ರ ಬದಲಾಗುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ತಿರುಗುವ ತಟ್ಟೆ ಇಲ್ಲ, ಎಸ್‌ಎಸ್‌ಡಿ ಎಂಬ ಚಿಪ್ಪುಗಳ ಡಿಸ್ಕು. ಅದು ಬರೆದದ್ದನ್ನು ತನಗೆ ಬೇಕಾದ ಕಡೆ ಸರಿಸಿಕೊಂಡು, ಕೆಲವು ಜಾಗ ನಮಗೆ ಕಾಣದ ಹಾಗೆ ಇಟ್ಟುಕೊಳ್ಳುತ್ತದೆ. ಅದಕ್ಕೆ ಸೊನ್ನೆ ಬರೆದರೆ ಸಾಲದು. ಅದರದ್ದೇ ಆದ ಅಳಿಸುವ ಆಜ್ಞೆ ಇದೆ, ತಿಳಿದವರಿಂದ ಮಾಡಿಸಬೇಕು, ಮಾಡುವಾಗ ಪಕ್ಕದಲ್ಲೇ ಕೂತಿರಬೇಕು. ಯಂತ್ರ ಕೆಟ್ಟು ಚಾಲೂ ಆಗದಿದ್ದರೆ ಡಿಸ್ಕು ಬಿಚ್ಚಿ ಇಟ್ಟುಕೊಳ್ಳಿ, ಉಳಿದದ್ದನ್ನು ಮಾರಿ. ಡಿಸ್ಕಿಲ್ಲದ ಯಂತ್ರಕ್ಕೆ ಮುನ್ನೂರು ನಾನೂರು ಕಡಿಮೆ ಸಿಗಬಹುದು. ಸಿಗಲಿ.

ಇನ್ನು ಬೀಗದ ಮಾತು. ಕಂಪ್ಯೂಟರಿಗೆ ಪಾಸ್‌ವರ್ಡ್ ಇದೆ, ಯಾರೂ ತೆರೆಯಲಾರರು ಎಂದು ನಂಬಿದವರು ಬಹಳ. ವಿಂಡೋಸ್ ಚಾಲೂ ಆಗುವಾಗ ಕೇಳುವ ಪಾಸ್‌ವರ್ಡ್ ಅಂಗಳದ ಗೇಟಿನ ಚಿಲಕ ಇದ್ದ ಹಾಗೆ. ಡಿಸ್ಕು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿದರೆ ಚಿಲಕ ಹಿಂದೆ ಉಳಿಯುತ್ತದೆ, ಮನೆ ಮುಂದೆ ಬರುತ್ತದೆ. ಬಯಾಸ್ ಪಾಸ್‌ವರ್ಡ್ ಎಂಬ ಇನ್ನೊಂದಿದೆ, ವಿಂಡೋಸಿಗಿಂತಲೂ ಮೊದಲು ಕೇಳುವಂಥದ್ದು. ಹಳೆಯ ಡೆಸ್ಕ್‌ಟಾಪುಗಳಲ್ಲಿ ಒಳಗಿನ ನಾಣ್ಯದಂಥ ಬ್ಯಾಟರಿ ತೆಗೆದರೆ ಅದು ಹೋಗುತ್ತಿತ್ತು. ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಹಾಗೆ ಹೋಗುವುದಿಲ್ಲ. ಕಚೇರಿಯಿಂದ ಬಂದ ಹಳೆಯ ಲ್ಯಾಪ್‌ಟಾಪು ಕೊಳ್ಳುವಾಗ ಅಂಗಡಿಯಲ್ಲೇ ಆರಿಸಿ ಮತ್ತೆ ಚಾಲೂ ಮಾಡಿ ನೋಡಿ. ಯಾವುದಾದರೂ ಗೊತ್ತಿಲ್ಲದ ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟು ಬನ್ನಿ. ನಿಜವಾಗಿ ಕಾಯುವ ಬೀಗ ಒಂದೇ, ಇಡೀ ಡಿಸ್ಕನ್ನು ಗೂಢಲಿಪಿಗೆ ತಿರುಗಿಸುವುದು. ವಿಂಡೋಸಿನಲ್ಲಿ ಅದಕ್ಕೆ ಬಿಟ್‌ಲಾಕರ್ ಎನ್ನುತ್ತಾರೆ. ಅದರ ಕೈ ಕಳೆದರೆ 48 ಅಂಕಿಯ ಇನ್ನೊಂದು ಕೈ ಬೇಕು, ಅದೂ ಇಲ್ಲದಿದ್ದರೆ ಒಡೆಯಳಿಗೂ ಒಳಗೆ ದಾರಿಯಿಲ್ಲ. ನಮ್ಮ ಒಕ್ಕೂಟದ್ದನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿ ಇಟ್ಟಿದ್ದೇವೆ.

ಕಂಪ್ಯೂಟರ್ ನಿಮ್ಮೆಲ್ಲರ ಮನೆಯಲ್ಲಿ ಇರಲಿಕ್ಕಿಲ್ಲ, ಫೋನಂತೂ ಇದೆ. ಅದೂ ಕಂಪ್ಯೂಟರೇ. ಅದರಲ್ಲೂ ನಮ್ಮ ಹೆಣ್ಣುಮಕ್ಕಳ ಕೈಗೆ ಬರುವುದು ಹೆಚ್ಚಾಗಿ ಎರಡನೇ ಕೈಯದು, ಗಂಡನದ್ದೋ ಮಗನದ್ದೋ ಹಳೆಯದು. ಗಂಡನ ಗೂಗಲ್ ಖಾತೆ ಅದರಲ್ಲಿ ಹಾಗೇ ಇರುತ್ತದೆ. ನೀವು ತೆಗೆದ ಫೋಟೊ, ನೀವು ಹೋದ ಜಾಗ, ನೀವು ಸೇರಿಸಿದ ನಂಬರು ಅವನ ಖಾತೆಗೆ ಹೋಗಿ ಸೇರಬಹುದು. ಸುರಪುರದ ಕಡೆಯ ಒಬ್ಬ ತಂಗಿ ಕೇಳಿದ್ದಳು, "ನಾ ವಕೀಲರ ಕಡೆ ಹೋಗಿದ್ದು ಅವರಿಗೆ ಹ್ಯಾಂಗ ಗೊತ್ತಾಯ್ತು ಅಕ್ಕಾ? ನಾ ಯಾರಿಗೂ ಹೇಳಿಲ್ಲ." ಅವಳ ಫೋನು ಹೇಳಿತ್ತು. ಇನ್ನೊಂದು ಇದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಒಮ್ಮೆ ವಾಟ್ಸಾಪ್ ಜೋಡಿಸಿ ಮರೆತರೆ, ನೀವು ತವರಿನಲ್ಲಿ ಕೂತು ಅಕ್ಕನಿಗೆ ಬರೆದದ್ದು ಗಂಡನ ಮನೆಯಲ್ಲಿ ತೆರೆದುಕೊಳ್ಳುತ್ತದೆ. ವಾಟ್ಸಾಪಿನಲ್ಲಿ "ಲಿಂಕ್ಡ್ ಡಿವೈಸಸ್" ಎಂದಿದೆ. ಗೊತ್ತಿಲ್ಲದ ಯಂತ್ರದ ಹೆಸರು ಅಲ್ಲಿದ್ದರೆ ಲಾಗ್ ಔಟ್ ಮಾಡಿ. ಆದರೆ ಮಾಡುವ ಮೊದಲು ಆ ಪರದೆಯ ಚಿತ್ರ ತೆಗೆದಿಡಿ. ಇನ್ನೂ ಒಂದೇ ಸೂರಿನ ಕೆಳಗೆ ಇದ್ದೀರಾದರೆ, ಕಿತ್ತದ್ದು ಅವನಿಗೆ ಗೊತ್ತಾದರೆ ಏನಾದೀತು ಎಂದೂ ಯೋಚಿಸಿ. ಬೀಗ ಹಾಕಿದ್ದಕ್ಕೇ ಹೊಡೆತ ತಿಂದವರನ್ನು ನೋಡಿದ್ದೇನೆ.

ಫೋನು ಮಾರುವಾಗ ಮಾಡಬೇಕಾದದ್ದು ಕಂಪ್ಯೂಟರಿಗಿಂತ ಸುಲಭ. ಮೆಮೊರಿ ಕಾರ್ಡು, ಸಿಮ್ಮು ತೆಗೆಯಿರಿ. ಕಾರ್ಡಿನಲ್ಲಿ ಇರುವುದು ಹೆಚ್ಚಾಗಿ ಬೀಗವಿಲ್ಲದ ಹೊಲ. ಗೂಗಲ್ ಖಾತೆ ತೆಗೆದು, ಆಮೇಲೆ ಸೆಟ್ಟಿಂಗ್ಸ್ ಒಳಗಿನಿಂದಲೇ ರೀಸೆಟ್ ಮಾಡಿ. ಈಗಿನ ಫೋನುಗಳಲ್ಲಿ ಎಲ್ಲವೂ ಗೂಢಲಿಪಿಯಲ್ಲೇ ಇರುತ್ತದೆ, ರೀಸೆಟ್ ಆದಾಗ ಅದರ ಕೈ ನಾಶವಾಗುತ್ತದೆ. ಕೊಳ್ಳುವಾಗ ಮಾತ್ರ ಎಚ್ಚರ. ಹಳೆಯ ಒಡೆಯರ ಖಾತೆ ಕೇಳುವ ಬೀಗವನ್ನು ಆ್ಯಪಲ್‌ನವರು 2013ರಲ್ಲಿ, ಗೂಗಲ್‌ನವರು 2015ರಲ್ಲಿ ತಂದರು, ಕಳ್ಳತನ ತಡೆಯಲೆಂದು. ಅಂಥ ಬೀಗ ಬಿದ್ದ ಫೋನನ್ನು ಅಗ್ಗಕ್ಕೆ ಕೊಟ್ಟು "ಐನೂರು ಕೊಡ್ರಿ, ಒಡದು ಕೊಡ್ತೀನಿ" ಅನ್ನುವವರಿದ್ದಾರೆ. ಅದು ಯಾವಳ ಫೋನು? ಬಸ್ಸಿನಲ್ಲಿ ಕದ್ದದ್ದೇ? ಹೆಂಡತಿಯ ಕೈಯಿಂದ ಕಸಿದು ತಂದದ್ದೇ? ನಕ್ಷತ್ರ, ಹ್ಯಾಷ್, 06, ಹ್ಯಾಷ್ ಒತ್ತಿದರೆ ಹದಿನೈದು ಅಂಕಿಯ ನಂಬರು ಬರುತ್ತದೆ. ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಆ ನಂಬರು ಬರೆದು 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಕದ್ದ ಫೋನೆಂದು ತಡೆಹಿಡಿದದ್ದಾದರೆ ಗೊತ್ತಾಗುತ್ತದೆ.

ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್, ಫೋನಿನ ಒಳಗೆ ಹೋಗುವುದರ ಬಗ್ಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 43 ಮತ್ತು 66ನೇ ಕಲಮುಗಳಿವೆ. ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದ್ದಾದರೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಗಂಡನಿಗೆ ರಿಯಾಯಿತಿ ಎಂದು ಆ ಕಲಮುಗಳಲ್ಲಿ ಎಲ್ಲೂ ಬರೆದಿಲ್ಲ. ತಾಳಿ ಕಟ್ಟಿದವನಿಗೆ ಫೋನಿನ ಬೀಗದ ಕೈಯೂ ಸೇರಿ ಬರುತ್ತದೆ ಎಂದು ನಮ್ಮಲ್ಲಿ ಗಂಡಸರೂ ತಿಳಿದಿದ್ದಾರೆ, ಅತ್ತೆಯರೂ ತಿಳಿದಿದ್ದಾರೆ, ನಾವೇ ಎಷ್ಟೋ ಜನ ತಿಳಿದಿದ್ದೇವೆ.

ಇಷ್ಟು ಹೇಳಿದ್ದನ್ನು ಕೇಳಿ ಮನೆಗೆ ಹೋಗಿ ಎಲ್ಲವನ್ನೂ ಅಳಿಸಿ ಕೂತೀರಿ ಎಂಬ ಹೆದರಿಕೆ ನನಗಿದೆ. ಅದಕ್ಕೆ ಈಗ ತಿರುವಿ ಹೇಳುತ್ತೇನೆ. ಸಿಟ್ಟು ಬಂದಾಗ, ನಾಚಿಕೆಯಾದಾಗ ಹೆಣ್ಣುಮಕ್ಕಳು ಮೊದಲು ಮಾಡುವ ಕೆಲಸ ಗಂಡ ಕಳಿಸಿದ ಬೈಗುಳ, ಬೆದರಿಕೆಗಳನ್ನು ಅಳಿಸಿಹಾಕುವುದು. "ಅಂಥಾ ಹೊಲಸು ಮಾತು ಯಾರಿಗೆ ತೋರಿಸಲಿ ಅಕ್ಕಾ?" ಎನ್ನುತ್ತಾರೆ. ಆ ಹೊಲಸು ಮಾತೇ ನಿಮ್ಮ ಸಾಕ್ಷಿ. 498ಎ ಎಂದು ನಾವು ಇಷ್ಟು ವರ್ಷ ಹೇಳುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 86 ಆಗಿದೆ, ವರದಕ್ಷಿಣೆ ಸಾವಿನದ್ದು 80 ಆಗಿದೆ. ನಂಬರು ಬದಲಾಯಿತು, ಸಾಕ್ಷಿ ಎಲ್ಲಿ ಎಂಬ ಪ್ರಶ್ನೆ ಬದಲಾಗಲಿಲ್ಲ. ಫೋನಿನಲ್ಲಿರುವುದರ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು, ಮೂಲ ಯಂತ್ರವನ್ನೇ ಒಡೆಯಳು ತಂದು ಸಾಕ್ಷಿ ನುಡಿದರೆ ಬೇಡ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಆ ಪ್ರಮಾಣಪತ್ರ ಎರಡು ಭಾಗದ್ದು, ಒಂದಕ್ಕೆ ತಜ್ಞರ ಸಹಿಯೂ ಬೇಕು. ಇದರ ಒಳಹೊರಗು ವಕೀಲರು ನೋಡಿಕೊಳ್ಳಲಿ. ನಮಗೆ ತಿಳಿಯಬೇಕಾದದ್ದು ಇಷ್ಟು: ಯಾವ ಫೋನಿಗೆ ಆ ಮಾತು ಬಂತೋ, ಯಾವ ಫೋನಿನಲ್ಲಿ ಆ ದನಿ ಹಿಡಿದಿರೋ, ಆ ಫೋನು ಒಡೆದಿದ್ದರೂ ಮಾರಬೇಡಿ, ರೀಸೆಟ್ ಮಾಡಬೇಡಿ, ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ. ಪ್ರತಿಯನ್ನು ತವರಿನಲ್ಲೋ ಅಕ್ಕನ ಹತ್ತಿರವೋ ಇಡಿ.

ಮಾವ ಎರಡು ತೊಲ ಬಂಗಾರ, ಒಂದು ಬೈಕು ಕೇಳಿದ ಮಾತನ್ನು ಫೋನಿನಲ್ಲಿ ಹಿಡಿದಿಟ್ಟ ಒಬ್ಬಾಕೆ ನಮ್ಮ ಹತ್ತಿರ ಬಂದಿದ್ದಳು. ಬರುವಷ್ಟರಲ್ಲಿ ಗಂಡ ಆ ಫೋನು ಮಾರಿ ಬಂದಿದ್ದ. ರೀಸೆಟ್ ಆಗಿದ್ದ ಫೋನಿನಿಂದ ಏನೂ ತರಲಾಗಲಿಲ್ಲ. ಕಂಪ್ಯೂಟರಿನಲ್ಲಿ ಬೇಡವಾದದ್ದೆಲ್ಲ ಎದ್ದು ಬಂತು, ಫೋನಿನಲ್ಲಿ ಬೇಕಾದದ್ದು ಒಂದೂ ಬರಲಿಲ್ಲ! ಆದರೆ ಅವಳು ಆ ದನಿಯನ್ನು ಅದೇ ರಾತ್ರಿ ತಂಗಿಗೆ ಕಳಿಸಿದ್ದಳು. ತಂಗಿ ಅಳಿಸಿರಲಿಲ್ಲ. ಪ್ರಕರಣ ನಿಂತದ್ದು ಅದರ ಮೇಲೆ.

ಮದುವೆಯಲ್ಲಿ ಕೊಟ್ಟದ್ದರ ಪಟ್ಟಿಯೂ ಹಾಗೆಯೇ. ವಧುವಿಗೆ, ವರನಿಗೆ ಬಂದ ಉಡುಗೊರೆಗಳ ಪಟ್ಟಿ ಬರೆದು ಸಹಿ ಮಾಡಿ ಇಡಬೇಕೆಂದು ವರದಕ್ಷಿಣೆ ನಿಷೇಧ ಕಾಯ್ದೆಯ ಅಡಿ 1985ರಲ್ಲೇ ನಿಯಮ ಬಂದಿದೆ. ಎಷ್ಟು ಮದುವೆಯಲ್ಲಿ ಬರೆದಿದ್ದೀರಿ, ಕೈ ಎತ್ತಿ ನೋಡೋಣ. ನೋಡಿದಿರಾ! ಬರೆದಿಲ್ಲದಿದ್ದರೂ ಅಂಗಡಿಯ ರಸೀದಿ, ಮದುವೆಯ ಫೋಟೊ ಫೋನಿನಲ್ಲಿ ಇರುತ್ತವೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಸ್ತ್ರೀಧನವನ್ನು, ನಿಮಗೆ ಹಕ್ಕಿರುವ ಬೇರೆ ವಸ್ತುವನ್ನು ಹಿಂದಿರುಗಿಸಲು ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ನಿಮ್ಮ ದುಡ್ಡಿನ ಲ್ಯಾಪ್‌ಟಾಪು, ಫೋನನ್ನೂ ಕೇಳಿ. ಕೇಳುವಾಗ ಒಳಗಿನದ್ದು ಅಳಿಸದಂತೆಯೂ ಕೋರಿಕೊಳ್ಳಿ ಎಂದು ವಕೀಲರಿಗೆ ನೆನಪಿಸಿ. ದಾರಿ ಗೊತ್ತಾಗದಿದ್ದರೆ 181ಕ್ಕೆ ಫೋನು ಮಾಡಬಹುದು, ಪುಕ್ಕಟೆ ವಕೀಲರಿಗೆ 15100.

ಈಗ ಆ ಪತ್ರ. ನಮ್ಮ ಒಕ್ಕೂಟದಲ್ಲಿ ಅದರ ಮೇಲೆ ಎರಡು ಸಭೆ ನಡೆದವು. ತಕ್ಷಣ ಅಳಿಸಿಬಿಡಿ, ಅವಳ ಮಾನ ಅವಳಿಗೆ ಎಂದರು ಅರ್ಧ ಜನ. ಇನ್ನರ್ಧ ಜನ, ಪತ್ರದಲ್ಲಿ ಅವಳ ನಂಬರಿದೆ, ಫೋನು ಹಚ್ಚಿ ಹೇಳೋಣ ಎಂದರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಅಳಿಸಿದ ಮೇಲೆ ಅದೊಂದೇ ಪ್ರತಿಯಾಗಿತ್ತು ಎಂದು ತಿಳಿದರೆ? ಫೋನು ಹಚ್ಚಿದರೆ ಎತ್ತುವವರು ಯಾರು? ಕಂಪ್ಯೂಟರ್ ಮಾರಿದವನು ಅವನೇ ಇರಬಹುದು, ಆ ನಂಬರು ಈಗ ಅವನ ಕೈಯಲ್ಲೇ ಇರಬಹುದು. ಕಡೆಗೆ ನಮ್ಮ ಹಿರಿಯ ಸದಸ್ಯೆಯೊಬ್ಬರು, ಒಂದಕ್ಷರ ಓದಲು ಬಾರದವರು, ಹೇಳಿದರು: "ಪತ್ರ ಯಾರಿಗೆ ಬರದಾಳ, ಅವರಿಗೇ ಮುಟ್ಟಸ್ರಿ." ವಕೀಲರ ಹೆಸರು, ಕಚೇರಿಯ ನಂಬರು ಪತ್ರದ ಮೇಲೇ ಇತ್ತು. ನಮಗ್ಯಾರಿಗೂ ಹೊಳೆದಿರಲಿಲ್ಲ.

ವಕೀಲರು ಮೊದಲು ನಮ್ಮನ್ನು ಅನುಮಾನದಿಂದಲೇ ಮಾತಾಡಿಸಿದರು, ಅದು ಸರಿಯೇ. ಇಪ್ಪತ್ತು ದಿನ ಏನೂ ಸುದ್ದಿಯಿಲ್ಲ. ಆ ಇಪ್ಪತ್ತು ದಿನ ಕಂಪ್ಯೂಟರನ್ನು ಚಾಲೂ ಮಾಡದೆ ಬಟ್ಟೆ ಹೊದಿಸಿ ಇಟ್ಟಿದ್ದೆವು. ಒಳಗಿನದ್ದರ ಮೇಲೆ ಇನ್ನೇನೂ ಬಿತ್ತನೆಯಾಗದಿರಲಿ ಎಂದು. ಲೆಕ್ಕ ಪುಸ್ತಕದಲ್ಲಿ ಕೈಯಿಂದ ಬರೆದೆವು. ಆಮೇಲೆ ಒಂದು ಮಧ್ಯಾಹ್ನ ವಕೀಲರ ಕಚೇರಿಯಿಂದಲೇ ಅವಳು ಮಾತಾಡಿದಳು. ದನಿ ಸಣ್ಣದು. ಪತ್ರದ ಪ್ರತಿ ತನ್ನ ಬಳಿ ಇದೆ, ಅಳಿಸಿಬಿಡಿ ಎಂದಳು. ನಾನು ಆಯಿತು ತಾಯಿ ಎಂದೆ. ಫೋನು ಇಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಅದರಲ್ಲಿ ನನ್ನ ಮಗಳು ಚಿಕ್ಕವಳಿದ್ದಾಗಿನ ಫೋಟೊ ಏನಾದ್ರೂ ಇದ್ಯಾ ಮೇಡಂ? ಬರುವಾಗ ಒಂದೂ ತರೋಕಾಗಲಿಲ್ಲ."

ಇದ್ದವು. ಹುಟ್ಟುಹಬ್ಬದ್ದು, ತೊಟ್ಟಿಲಿನದ್ದು, ಅಂಬೆಗಾಲಿನದ್ದು. ಒಂದು ಪೆನ್‌ಡ್ರೈವಿಗೆ ಹಾಕಿ ವಕೀಲರ ಕಚೇರಿಯ ವಿಳಾಸಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆವು. ಮುಟ್ಟಿತು ಎಂದು ತಿಳಿದ ಮೇಲೆ ನಮ್ಮ ಲೆಕ್ಕವನ್ನಷ್ಟೇ ಹೊರಗೆ ತೆಗೆದುಕೊಂಡು, ಡಿಸ್ಕಿನ ಮೇಲೆ ಮೂಲೆಯಿಂದ ಮೂಲೆಗೆ ಸೊನ್ನೆ ಬರೆಯಲು ಹಚ್ಚಿದೆವು. ಹತ್ತು ಗಂಟೆಗೆ ಶುರುವಾದದ್ದು ಒಂದೂವರೆಗೆ ಮುಗಿಯಿತು. ನಾನು ಪಕ್ಕದಲ್ಲೇ ಕೂತಿದ್ದೆ.

ಸುರಪುರದ ಕಡೆಯವರಿಗೆ ನಾಲ್ಕರ ಬಸ್ಸು ಹಿಡಿಯಬೇಕು. ಅಷ್ಟರೊಳಗೆ ನಿಮ್ಮ ನಿಮ್ಮ ಫೋನು ಹೊರಗೆ ತೆಗೆಯಿರಿ, ಯಾರ ಖಾತೆ ಒಳಗೆ ಕೂತಿದೆ ಎಂದು ಒಂದೊಂದಾಗಿ ನೋಡೋಣ. ಹಿಂದಿನ ಸಾಲಿನವರು ಮುಂದೆ ಬನ್ನಿ.